ಚೈನ್ ಒರೆಸಿದ ಬೆಳಗ್ಗೆ

ಅಜ್ಜಂಪುರದ ಕಡೆ ಎರೆಮಣ್ಣು ಬೇಸಿಗೆಯಲ್ಲಿ ಪೌಡರಿನ ಹಾಗೆ ಹಾರುತ್ತದೆ, ಮಳೆ ಬಿದ್ದರೆ ಕಲಸಿದ ಹಿಟ್ಟಿನ ಹಾಗೆ ಹಿಡಿದುಕೊಳ್ಳುತ್ತದೆ. ನನ್ನ ಕೆಲಸ ಹೆಚ್ಚೂಕಡಿಮೆ ಆ ಮಣ್ಣಿನ ಮೇಲೇ. ಕಡೂರಿನ ಒಂದು ಡ್ರಿಪ್ ಪೈಪಿನ ಅಂಗಡಿಯಲ್ಲಿ ನಾನು ಅಳತೆ ತೆಗೆಯುವವನು. ಯಾರಾದರೂ ಹೊಸದಾಗಿ ಅಡಿಕೆ ಸಸಿ ಇಟ್ಟರೆ, ತೆಂಗಿನ ಸಾಲಿಗೆ ನೀರು ಬಿಡಬೇಕೆಂದರೆ, ಟೇಪು ಹಿಡಿದುಕೊಂಡು ಹೋಗಿ, ಪೈಪು ಎಲ್ಲಿಂದ ಎಲ್ಲಿಗೆ ಹಾಯಬೇಕು ಅಂತ ಗೂಟ ಹೊಡೆದು ಬರುತ್ತೇನೆ. ಬಸ್ಸು ಹೋಗದ ಜಾಗಗಳೇ ಹೆಚ್ಚು. ಬೈಕು ಇಲ್ಲದೆ ಆಗುವುದಿಲ್ಲ. ನಮ್ಮ ಗಾಡಿಯ ಚೈನಿಗೆ ಮೇಲೊಂದು ತಗಡಿನ ಪಟ್ಟಿ ಬಿಟ್ಟರೆ ಬೇರೆ ಮುಚ್ಚಳವಿರಲಿಲ್ಲ. ಹೊಲದ ದಾರಿಯಲ್ಲಿ ಸ್ವಲ್ಪ ದಿನ ತಿರುಗಿದರೆ ಸಾಕು, ಕೊಂಡಿಗಳ ಸಂದಿಗೆ ಮಣ್ಣು ಕೂತು, ಹಳೇ ಎಣ್ಣೆಯ ಜೊತೆ ಸೇರಿ ಕರೀ ಮೇಣದಂತಾಗಿ, ಗಾಡಿ ಹಲ್ಲು ಕಡಿಯುವವರ ಹಾಗೆ ಸದ್ದು ಮಾಡುತ್ತಿತ್ತು.

ನಮ್ಮ ಗಾಡಿ ಅಂದೆ. ಅದು ನನ್ನದು ಎಷ್ಟೋ ನನ್ನ ಹೆಂಡತಿಯದೂ ಅಷ್ಟೇ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾಳೆ. ಮದುವೆಯಾದ ಹೊಸದರಲ್ಲಿ, ತರೀಕೆರೆಯಿಂದ ಕಡೂರಿಗೆ ಬಂದ ಮೇಲೆ, ಒಂದು ಸಂಜೆ ಇದ್ದಕ್ಕಿದ್ದಂತೆ ಕೇಳಿದಳು.

"ನನಗೂ ಗಾಡಿ ಕಲಿಸ್ತೀರಾ?"

"ಸ್ಕೂಟಿ ತಗೊಳ್ಳೋಣ ಬಿಡು ಮುಂದೆ."

"ಮುಂದೆ ಯಾವಾಗ್ಲೋ. ಇದು ಈಗ್ಲೇ ಇದೆಯಲ್ಲ."

ರೈಲ್ವೆ ಸ್ಟೇಷನ್ನಿನ ಆಚೆಯ ಬಯಲಿನಲ್ಲಿ ಕಲಿತಳು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದುಕೊಂಡು, ಕ್ಲಚ್ಚು ಬಿಡುವಾಗಲೆಲ್ಲ ನಾಲಿಗೆ ಕಚ್ಚಿಕೊಂಡು. ಬೀಳಿಸಿದಳು, ಎತ್ತಿದಳು. ಆಮೇಲೆ ಬಟ್ಟೆ ಕೊಡಲು, ಲೈನಿಂಗು ತರಲು, ಬೀರೂರು, ಸಖರಾಯಪಟ್ಟಣದವರೆಗೂ ಅವಳೇ ಹೋಗಿಬರುತ್ತಿದ್ದಳು. ಕಡೂರಿನ ಪೇಟೆಯಲ್ಲಿ ಗೇರಿನ ಗಾಡಿ ಓಡಿಸುವ ಹೆಂಗಸು ಅಂದರೆ ತಿರುಗಿ ನೋಡುವವರು ಇದ್ದೇ ಇದ್ದರು. ಅವಳು ಮಾತ್ರ ತಿರುಗಿ ನೋಡುತ್ತಿರಲಿಲ್ಲ.

ಚೈನು ತೊಳೆಯುವ ಕೆಲಸ ಭಾನುವಾರದ್ದು. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಎತ್ತಿ ನಿಲ್ಲಿಸಿದರೆ ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕೊಂಡಿ ಕೊಂಡಿಯನ್ನೂ ಉಜ್ಜಬೇಕು. ಕೆಸರು ಬಿಟ್ಟ ಮೇಲೆ ಬಟ್ಟೆಯಲ್ಲಿ ಒರೆಸಬೇಕು. ಆಮೇಲೆ ಗೇರ್ ಆಯಿಲ್ಲನ್ನು ಹನಿ ಹನಿಯಾಗಿ ಬಿಡುತ್ತ ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಬೇಕು. ಒರೆಸುವ ಬಟ್ಟೆಗೆ ನಮ್ಮಲ್ಲಿ ಬರವಿರಲಿಲ್ಲ. ಕತ್ತರಿಸಿ ಉಳಿದ ಬ್ಲೌಸಿನ ಚೂರುಗಳು ಒಂದು ಚೀಲ ತುಂಬ ಇರುತ್ತಿದ್ದವು. ಅವಳು ಒರೆಸುವಳು, ನಾನು ಚಕ್ರ ತಿರುಗಿಸುವೆ. ಹಾಗೆ ಮಾಡುತ್ತ ಊರಿನವರ ಸುದ್ದಿ, ಗಿರಾಕಿಗಳ ಸುದ್ದಿ ಎಲ್ಲ ಮುಗಿಯುತ್ತಿತ್ತು.

ಆ ಭಾನುವಾರ ಗಡಿಬಿಡಿಯಿತ್ತು. ಅಜ್ಜಂಪುರದಲ್ಲಿ ಒಬ್ಬ ಮದುಮಗಳಿಗೆ ಅವಳು ಹೊಲಿದ ಬ್ಲೌಸುಗಳನ್ನು ಊಟದ ಹೊತ್ತಿಗೆ ಮೊದಲೇ ತಲುಪಿಸಬೇಕಿತ್ತು. ಹಿಂದಿನ ದಿನ ಮಳೆಯಲ್ಲಿ ಹೊಲ ಸುತ್ತಿ ಬಂದಿದ್ದ ಗಾಡಿಯ ಚೈನು ನೋಡುವ ಹಾಗಿರಲಿಲ್ಲ. ಬಿಟ್ಟು ಹೋಗೋಣ ಅಂದಳು. ದಾರಿಯಲ್ಲಿ ಚೈನು ಕಳಚಿದರೆ ಏನು ಮಾಡುತ್ತೀಯ ಅಂತ ನಾನೇ ಹಟ ಹಿಡಿದೆ. ಹಟ ಹಿಡಿದವನು ನಿಧಾನವಾಗಿಯಾದರೂ ಮಾಡಬೇಕಿತ್ತಲ್ಲ. ಅದೂ ಇಲ್ಲ. ಬೇಗ ಮುಗಿಸೋಣ ಅಂತ ಎಂಜಿನ್ ಸ್ಟಾರ್ಟ್ ಮಾಡಿ ಫಸ್ಟ್ ಗೇರಿಗೆ ಹಾಕಿಬಿಟ್ಟೆ. ಚಕ್ರ ತಾನಾಗಿ ತಿರುಗತೊಡಗಿತು. ಬಟ್ಟೆ ಹಿಡಿದುಕೊಂಡರೆ ಸಾಕು, ಚೈನೇ ಬಂದು ಒರೆಸಿಕೊಂಡು ಹೋಗುತ್ತದೆ. ಹೀಗೆ ಮಾಡುವವರನ್ನು ಎಷ್ಟೋ ಜನರನ್ನು ನೋಡಿದ್ದೆ.

"ಬ್ಯಾಡ ಕಣ್ರೀ, ಕೈಯಲ್ಲೇ ತಿರುಗ್ಸಿ."

"ಏನೂ ಆಗಲ್ಲ ಕಣೇ. ಸುಮ್ನೆ ಬಟ್ಟೆ ಹಿಡ್ಕೊ."

ಅವಳು ಗಾಡಿಯ ಎಡಕ್ಕೆ ಕುಕ್ಕರಗಾಲಲ್ಲಿ ಕೂತು, ಚೈನಿನ ಕೆಳಗಿನ ಸಾಲಿಗೆ ಬಟ್ಟೆ ಕೊಟ್ಟಳು. ನೇರಳೆ ಬಣ್ಣದ ಚೂರು, ಅಂಚಿನಲ್ಲಿ ದಾರ ಬಿಟ್ಟಿತ್ತು. ನಾನು ಬಲಗಡೆ ಹ್ಯಾಂಡಲ್ ಹಿಡಿದು ನಿಂತಿದ್ದೆ. ತಣ್ಣಗಿದ್ದ ಎಂಜಿನ್ ಎರಡು ಸಲ ಕೆಮ್ಮಿ ನಿಲ್ಲುವ ಹಾಗಾಯಿತು. ನಿಲ್ಲಬಾರದು ಅಂತ ಕೈ ತಾನಾಗಿ ಎಕ್ಸಲೇಟರ್ ತಿರುಗಿಸಿತು. ಯೋಚನೆ ಮಾಡಿ ಮಾಡಿದ್ದಲ್ಲ. ದಿನಾ ಬೆಳಗ್ಗೆ ಮಾಡುವ ಹಾಗೆ ಮಾಡಿದೆ.

ಚಕ್ರ ಸರ್ರನೆ ತಿರುಗಿ ಗಕ್ಕನೆ ನಿಂತಿತು. ಎಂಜಿನ್ ಆರಿತು. ಅವಳು ಕೂಗಲಿಲ್ಲ. "ಅಯ್ಯೋ" ಅಂತಲೂ ಅನ್ನಲಿಲ್ಲ. ಬಟ್ಟೆಯೇ ಸಿಕ್ಕಿಕೊಂಡಿರಬೇಕು ಅಂತ ನಾನು ಬಗ್ಗಿ ನೋಡಿದರೆ, ಬಟ್ಟೆಯ ಜೊತೆ ಅವಳ ಬಲಗೈ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲಿಗೂ ಚೈನಿಗೂ ನಡುವೆ ಹೋಗಿತ್ತು.

"ಹಿಂದಕ್ಕೆ ತಿರುಗ್ಸಿ" ಅಂದಳು ಅವಳು. ಧ್ವನಿ ಅವಳದಲ್ಲ ಅನ್ನಿಸುವಷ್ಟು ಸಣ್ಣಗಿತ್ತು. "ಬೇಗ. ಹಿಂದಕ್ಕೆ."

ಗಾಡಿ ಗೇರಿನಲ್ಲೇ ಇತ್ತು. ಚಕ್ರ ಜಗ್ಗಲಿಲ್ಲ. ಕೈಯಲ್ಲೇ ಗೇರಿನ ಲಿವರ್ ಎತ್ತಿ ನ್ಯೂಟ್ರಲ್ಲಿಗೆ ತರಬೇಕು. ದಿನಾ ಕಾಲಲ್ಲಿ ಮಾಡುವ ಕೆಲಸ ಆಗ ಕೈಗೆ ಹತ್ತಲಿಲ್ಲ. ಕೊನೆಗೆ ಬಂತು. ನಾನು ಚಕ್ರವನ್ನು ಹಿಂದಕ್ಕೆ ತಿರುಗಿಸಿದೆ. ಆ ಒಂದು ಗೇಣು ತಿರುಗಿಸಿದಾಗ ನನ್ನ ಅಂಗೈಗೆ ತಿಳಿದದ್ದನ್ನು ನಾನು ಬರೆಯುವುದಿಲ್ಲ.

ಪಕ್ಕದ ಮನೆಯವರ ಆಟೋದಲ್ಲಿ ಕಡೂರಿನ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಚಿಕ್ಕಮಗಳೂರಿಗೆ. ತೋರುಬೆರಳಿನ ತುದಿಯ ಗೆಣ್ಣು ಜಜ್ಜಿಹೋಗಿತ್ತು, ಕೂಡಿಸಲು ಏನೂ ಉಳಿದಿರಲಿಲ್ಲ. ಮಧ್ಯದ ಬೆರಳಿಗೆ ಹೊಲಿಗೆ ಹಾಕಿ ಉಳಿಸಿದರು. ಎಳೇ ವಯಸ್ಸಿನ ಡಾಕ್ಟರಮ್ಮ, "ಏನ್ ಕೆಲಸ ಮಾಡ್ತೀರಮ್ಮಾ?" ಅಂತ ಕೇಳಿದಾಗ ನನ್ನ ಹೆಂಡತಿ, "ಟೈಲರ್ ಮೇಡಂ" ಅಂದಳು. ಡಾಕ್ಟರಮ್ಮ ತಲೆ ತಗ್ಗಿಸಿ ಹತ್ತಿ ಸುತ್ತತೊಡಗಿದಳು. ನಾನು ಗೋಡೆ ನೋಡುತ್ತ ನಿಂತೆ. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸಿತ್ತು. ಸೀಮೆಎಣ್ಣೆಯ ವಾಸನೆ ಇಬ್ಬರ ಮೈಯಿಂದಲೂ ಬರುತ್ತಿತ್ತು.

ಸಂಜೆಗೆ ತರೀಕೆರೆಯಿಂದ ಅತ್ತೆ ಬಂದರು. ಮಗಳ ಕೈಯ ಬ್ಯಾಂಡೇಜು ನೋಡಿ ಮಂಚದ ಅಂಚಿಗೆ ಕುಸಿದು ಕೂತರು.

"ಹೆಂಗಾಯ್ತೇ ಇದು?"

"ನಾನೇ ಕಣಮ್ಮ, ಸರಿಯಾಗಿ ನೋಡ್ದೆ ಕೈ ಇಟ್ಟೆ. ಬಟ್ಟೆ ಎಳ್ಕೊಂಬಿಡ್ತು."

ನಾನು ಅಲ್ಲೇ ಇದ್ದೆ. ಬಾಯಿ ತೆರೆದಿದ್ದರೆ ಒಂದೇ ಮಾತು ಸಾಕಿತ್ತು. ಅವಳು ನನ್ನ ಕಡೆ ನೋಡಲೂ ಇಲ್ಲ, ಸುಮ್ಮನಿರಿ ಅಂತ ಸನ್ನೆಯೂ ಮಾಡಲಿಲ್ಲ. ಸುಮ್ಮನಿದ್ದದ್ದು ನಾನೇ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಪಾಪ, ನೀವು ಬೆಳಗ್ಗಿಂದ ಏನೂ ತಿಂದಿಲ್ಲ ಅನ್ಸುತ್ತೆ" ಅಂತ ಡಬ್ಬಿ ಬಿಚ್ಚಿ ಚಪಾತಿ ಕೊಟ್ಟರು. ತಿಂದೆ. ಹಸಿವಾಗಿತ್ತು. ಅದು ಇವತ್ತಿಗೂ ನಾಚಿಕೆ.

ಮನೆಗೆ ಬಂದ ಮೇಲೆ ನಾನು ಅವಳ ನೆರಳಾದೆ. ನೀರು ಕಾಯಿಸುವೆ, ತಲೆ ಬಾಚಲು ಹೋಗುವೆ, ತಟ್ಟೆ ಅವಳ ಕೈಯಿಂದ ಕಿತ್ತುಕೊಳ್ಳುವೆ. ಮದುಮಗಳ ಬ್ಲೌಸುಗಳನ್ನು ಅವರ ಮನೆಯವರೇ ಬಂದು ತೆಗೆದುಕೊಂಡು ಹೋಗಿದ್ದರು. ಅರ್ಧಕ್ಕೆ ನಿಂತ ಬಟ್ಟೆಗಳನ್ನು ಅವಳು ನಮ್ಮ ಬೀದಿಯ ಇನ್ನೊಬ್ಬ ಟೈಲರ್ ಹೆಂಗಸಿಗೆ ಒಪ್ಪಿಸಿದಳು. ಹುಕ್ಕು ಹಾಕುವುದಷ್ಟೇ ಬಾಕಿಯಿದ್ದ ಕೆಲವನ್ನು ನಾನು ಮಾಡುತ್ತೇನೆ ಅಂದೆ. ಅವಳು ಬೇಡವೆಂದರೂ ಕೇಳದೆ ಕೂತು, ಸೂಜಿಗೆ ದಾರ ಪೋಣಿಸಿ, ಬೆರಳೆಲ್ಲ ಚುಚ್ಚಿಕೊಂಡು ಮುಗಿಸಿದೆ. ಮಾರನೇ ದಿನ ಆ ಬ್ಲೌಸಿನವರು ಬಂದು, "ಇದೇನ್ರೀ, ಹುಕ್ಕೂ ಇದೇ ಕಡೆ, ಕೊಂಡೀನೂ ಇದೇ ಕಡೆ ಹಾಕಿದೀರಲ್ಲ, ಹೆಂಗೆ ಹಾಕ್ಕಳದು?" ಅಂತ ಬಾಗಿಲಲ್ಲೇ ಹಿಡಿದು ತೋರಿಸಿದರು. ನನ್ನ ಹೆಂಡತಿ ಗೋಡೆಗೆ ಒರಗಿ ನಕ್ಕಳು. ಅಪಘಾತವಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನನಗೆ ನಗಲು ಆಗಲಿಲ್ಲ. ನಗುತ್ತಿದ್ದವಳ ಎದುರಿಗೆ ಹೋಗಿ "ತಪ್ಪಾಯ್ತು ಕಣೇ" ಅಂದೆ. ಅವಳ ನಗು ನಿಂತುಹೋಯಿತು.

"ದಿನಾ ಎಷ್ಟು ಸಲ ಹೇಳ್ತೀರಿ ಅದನ್ನ?"

"ಮತ್ತೇನ್ ಹೇಳ್ಲಿ?"

"ಏನೂ ಹೇಳ್ಬೇಡಿ. ನಿಮ್ ಮುಖ ನೋಡಿದ್ರೆ ನಾನೇ ನಿಮಗೆ ಸಮಾಧಾನ ಮಾಡ್ಬೇಕು ಅನ್ಸುತ್ತೆ. ನನ್ನ ಕೈ ನೋಯ್ತಿರತ್ತೆ ಕಣ್ರೀ. ಎರಡೂ ಆಗಲ್ಲ ನನ್ನ ಕೈಲಿ."

ಹೊಲಿಗೆ ಬಿಚ್ಚಿದ ಮೇಲೆ ಅತ್ತೆ ಬಂದು, ಸ್ವಲ್ಪ ದಿನ ಇದ್ದು ಬರಲಿ ಅಂತ ಅವಳನ್ನು ತರೀಕೆರೆಗೆ ಕರೆದುಕೊಂಡು ಹೋದರು. ಮನೆಯಲ್ಲಿ ನಾನೂ, ಅಂಗಳದಲ್ಲಿ ಗಾಡಿಯೂ ಉಳಿದೆವು.

ಆ ಬೆಳಗ್ಗೆಯಿಂದ ನಾನು ಅದನ್ನು ಮುಟ್ಟಿರಲಿಲ್ಲ. ಕೆಲಸಕ್ಕೆ ಬಸ್ಸಿನಲ್ಲೋ, ಪೈಪು ಸಾಗಿಸುವ ವ್ಯಾನಿನಲ್ಲೋ ಹೋಗುತ್ತಿದ್ದೆ. ಚೈನಿನ ಅರ್ಧ ಭಾಗ ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಕಾಣದೆ ಬಿಟ್ಟಿದ್ದು ಕೆಂಪಗೆ ತುಕ್ಕು ಹಿಡಿಯುತ್ತಿತ್ತು. ಇನ್ನರ್ಧದಲ್ಲಿ ಮಣ್ಣು ಹಾಗೇ ಇತ್ತು. ಬೆಳಗ್ಗೆ ಬಾಗಿಲು ತೆರೆದರೆ ಅದೇ ಕಾಣುವುದು, ಸಂಜೆ ಬಂದರೆ ಅದೇ. ಅವಳು ವಾಪಸ್ಸು ಬಂದು ದಿನಾ ಇದನ್ನು ನೋಡಬೇಕಲ್ಲ ಅಂದುಕೊಂಡೆ. ನಿಜ ಹೇಳಬೇಕೆಂದರೆ ನೋಡಲಾರದವನು ನಾನು. ಅವಳ ಹೆಸರು ಮುಂದಿಟ್ಟುಕೊಂಡೆ, ಅಷ್ಟೇ.

ಅಜ್ಜಂಪುರದ ಹತ್ತಿರದ ಹಳ್ಳಿಯಲ್ಲಿ ನನ್ನ ತಮ್ಮನಿದ್ದಾನೆ. ಒಣಭೂಮಿ, ಒಂದಿಷ್ಟು ತೆಂಗು, ಎರಡು ಹಸು. ಡೇರಿಗೆ ಹಾಲು ಹೊತ್ತುಕೊಂಡು ನಡೆದೇ ಹೋಗುತ್ತಿದ್ದ. ಒಂದು ಬೆಳಗ್ಗೆ ಗಾಡಿಯನ್ನು ಅವನಿಗೆ ಕೊಟ್ಟುಬಿಡಲು ಹೊರಟೆ. ದಾರಿಯುದ್ದಕ್ಕೂ ಒಣಗಿದ ಚೈನು ಕಿರುಗುಟ್ಟುತ್ತಲೇ ಇತ್ತು. ಎಣ್ಣೆ ಹಾಕಿಸಿಕೊಂಡು ಹೋಗಬಹುದಿತ್ತು, ದಾರಿಯಲ್ಲಿ ಮೆಕ್ಯಾನಿಕ್ ಅಂಗಡಿಗಳು ಬೇಕಾದಷ್ಟು. ಎಲ್ಲೂ ನಿಲ್ಲಿಸಲಿಲ್ಲ.

"ಯಾಕಣ್ಣ, ನಿನಗೆ ಬ್ಯಾಡ್ವಾ?" ಅಂತ ತಮ್ಮ ಎರಡೆರಡು ಸಲ ಕೇಳಿದ.

"ಬೇಡ ಕಣೋ. ನೀನೇ ಇಟ್ಕೊ."

"ಅತ್ತಿಗೆಗೆ ಹೇಳಿದೀಯಾ?"

"ಅವಳು ಇನ್ನೆಲ್ಲಿ ಓಡಿಸ್ತಾಳೆ ಬಿಡೋ."

ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತು! ಅಜ್ಜಂಪುರ ಸ್ಟೇಷನ್ನಿಗೆ ಬಂದು ರೈಲು ಹತ್ತಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಬೀರೂರು ದಾಟುವವರೆಗೂ ಎದೆ ಹಗುರವಾಗಿತ್ತು. ಪ್ರೀತಿಯ ವಸ್ತುವೊಂದನ್ನು ಬಿಟ್ಟುಕೊಟ್ಟೆ, ಇದರಿಂದ ಒಂದಿಷ್ಟಾದರೂ ತೀರಿತು ಅನ್ನುವ ಭಾವನೆ.

ಅವಳು ತರೀಕೆರೆಯಿಂದ ಬಂದ ದಿನ ನಾನು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಆಟೋದಲ್ಲಿ ಕರೆತಂದೆ. ಗೇಟು ತೆಗೆದವಳು ಅಂಗಳದಲ್ಲೇ ನಿಂತಳು.

"ಗಾಡಿ ಎಲ್ಲಿ? ಸರ್ವೀಸಿಗೆ ಬಿಟ್ಟಿದೀರಾ?"

"ತಮ್ಮನಿಗೆ ಕೊಟ್ಟೆ."

"ಯಾವಾಗ ತರ್ತಾನೆ?"

"ಕೊಟ್ಟೇಬಿಟ್ಟೆ ಕಣೇ. ನಿನ್ನ ಕಣ್ಣೆದುರಿಗೆ ಅದು ಇರೋದು ಬೇಡ ಅಂತ…"

ಅವಳು ಬ್ಯಾಗನ್ನು ಕೆಳಗಿಟ್ಟಳು. ಆಮೇಲೆ ಬಲಗೈ ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ಮೊಂಡಾದ ತೋರುಬೆರಳಿನ ಮೇಲೆ ಹೊಸ ಚರ್ಮ ಎಳೆಗೆಂಪಗೆ ಮಿರುಗುತ್ತಿತ್ತು.

"ಅಮ್ಮನ ಮನೇಲಿ ನಾನು ಏನ್ ಮಾಡ್ತಿದ್ದೆ ಗೊತ್ತಾ? ಚಿಕ್ಕಪ್ಪನ ಗಾಡಿ ತಗೊಂಡು ಮೈದಾನಕ್ಕೆ ಹೋಗ್ತಿದ್ದೆ. ಈ ಬೆರಳು ಬಿಟ್ಟು ಮಿಕ್ಕ ಮೂರು ಬೆರಳಲ್ಲಿ ಬ್ರೇಕ್ ಹಿಡಿಯೋಕೆ ಆಗುತ್ತಾ ಅಂತ ನೋಡ್ತಿದ್ದೆ. ಆಗುತ್ತೆ. ಸೂಜಿ ಇನ್ನೂ ಸರಿಯಾಗಿ ನಿಲ್ಲಲ್ಲ. ಸಣ್ಣ ಕೆಲಸ ಆಗದಿದ್ರೆ ಇರ್ಲಿ, ಹಳ್ಳಿ ಕಡೆ ಸಂಘದ ಹೆಂಗಸರಿಗೆ ಕಟಿಂಗ್ ಹೇಳ್ಕೊಡೋಣ ಅಂತ ಒಪ್ಕೊಂಡು ಬಂದಿದೀನಿ. ಹೋಗೋದು ಹೆಂಗೆ ಈಗ? ರೆಕ್ಕೆ ಕಟ್ಕೊಂಡಾ?"

"ನನಗೆ ಗೊತ್ತಿರಲಿಲ್ಲ…"

"ಕೇಳ್ಲಿಲ್ಲ ನೀವು. ಫೋನ್ ಮಾಡಿದಾಗೆಲ್ಲ ತಪ್ಪಾಯ್ತು ತಪ್ಪಾಯ್ತು ಅಂತಿದ್ರಿ. ಒಂದ್ ದಿನ ಆದ್ರೂ, ಮುಂದೇನ್ ಮಾಡ್ತೀಯ ಅಂತ ಕೇಳಿದ್ರಾ?" ಅವಳ ಕಣ್ಣು ತುಂಬಿತು. ಆಸ್ಪತ್ರೆಯಲ್ಲೂ ತುಂಬಿರದ ಕಣ್ಣು. "ಬೆರಳು ಹೋಗಿದ್ದು ಬೇಕಂತ ಅಲ್ಲ. ಅದು ನನಗೆ ಗೊತ್ತು. ಗಾಡಿ ಹೋಗಿದ್ದು ಮಾತ್ರ ನೀವು ಬೇಕಂತಲೇ ಮಾಡಿದ್ದು."

ಆ ರಾತ್ರಿ ಅವಳು ಊಟ ಮಾಡಲಿಲ್ಲ, ಕೋಪವನ್ನೂ ಬಿಡಲಿಲ್ಲ. ನನಗೆ ಯಾರ ಹತ್ತಿರವಾದರೂ ಬೈಸಿಕೊಳ್ಳಬೇಕು ಅನ್ನಿಸಿತು. ಮಾರನೇ ದಿನ ಕೆಲಸಕ್ಕೆ ಅಂತ ಹೇಳಿ ತರೀಕೆರೆಯ ಬಸ್ಸು ಹತ್ತಿದೆ. ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಗಾಬರಿಯಾಗಿ ಎದ್ದರು.

"ಏನಪ್ಪಾ, ಅವಳು ಚೆನ್ನಾಗಿದಾಳಾ?"

ನಾನು ನಿಂತಲ್ಲೇ ಎಲ್ಲ ಹೇಳಿದೆ. ಎಂಜಿನ್ ಸ್ಟಾರ್ಟ್ ಮಾಡಿದ್ದು, ಅವಳು ಬೇಡವೆಂದದ್ದು, ನಾನು ಕೇಳದೆ ಇದ್ದದ್ದು, ಎಕ್ಸಲೇಟರ್ ತಿರುಗಿಸಿದ್ದು, ಅವರು ಕೇಳಿದಾಗ ಬಾಯಿ ಮುಚ್ಚಿಕೊಂಡು ನಿಂತದ್ದು. ಅತ್ತೆ ಬೀಜ ಬಿಡಿಸುವುದನ್ನು ನಿಲ್ಲಿಸಿ ಕೇಳಿದರು. ಬೈಯಲಿಲ್ಲ. ಮುಖ ಮಾತ್ರ ಗಟ್ಟಿಯಾಯಿತು.

"ಇದನ್ನ ನನಗೆ ಹೇಳೋಕೆ ಅಂತ ಇಷ್ಟು ದೂರ ಬಂದ್ರಾ?"

"ಹೌದು ಅತ್ತೆ."

"ಅವಳು ಹೇಳು ಅಂದ್ಲಾ?"

"ಇಲ್ಲ."

"ಹಂಗಾದ್ರೆ ಯಾಕ್ ಹೇಳಿದ್ರಿ? ನಿಮಗೆ ಹಗುರ ಆಗ್ಲಿ ಅಂತ ತಾನೆ? ನಿಮಗೆ ಹಗುರ ಆಯ್ತು. ನಾನೀಗ ಮಗಳ ಕೈ ನೆನೆಸ್ಕೊಂಡಾಗೆಲ್ಲ ನಿಮ್ಮನ್ನೂ ನೆನೆಸ್ಕೋಬೇಕು." ಅವರು ಮತ್ತೆ ಕೂತು ಮೊರ ಎಳೆದುಕೊಂಡರು. "ಕಾಫಿ ಮಾಡಿಕೊಡ್ತೀನಿ, ಕುಡ್ದು ಹೋಗಿ. ಹೋಗಿ ಅವಳಿಗೆ ಏನ್ ಬೇಕೋ ಅದನ್ನ ಮಾಡಿ. ನಿಮಗೆ ಏನ್ ಬೇಕೋ ಅದನ್ನಲ್ಲ."

ಕಾಫಿ ಕುಡಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಿಂತೇ ಬಂದೆ. ಸೀಟು ಖಾಲಿ ಇತ್ತು. ಕೂರಬೇಕು ಅನ್ನಿಸಲಿಲ್ಲ.

ಮನೆಗೆ ಬಂದವನೇ ಅವಳನ್ನು ಕೇಳಿದೆ, "ಅಜ್ಜಂಪುರಕ್ಕೆ ಹೋಗಿ ಗಾಡಿ ಕೇಳಿ ತರೋಣವಾ?" ಅವಳು ತಕ್ಷಣ ಹೂಂ ಅನ್ನಲಿಲ್ಲ. ಎರಡು ದಿನ ಬಿಟ್ಟು, ಅವಳೇ ಸೀರೆ ಉಟ್ಟು ತಯಾರಾಗಿ ಬಂದು "ನಡೀರಿ" ಅಂದಳು.

ತಮ್ಮನ ಮನೆಯ ಮುಂದೆ ಗಾಡಿ ಬೇರೆಯೇ ರೂಪದಲ್ಲಿ ನಿಂತಿತ್ತು. ಹಿಂದೆ ಕಬ್ಬಿಣದ ಸ್ಟ್ಯಾಂಡು ಬೆಸೆದು ಹಾಲಿನ ಕ್ಯಾನು ಕಟ್ಟಿದ್ದ. ಹ್ಯಾಂಡಲ್ಲಿಗೆ ಮೇವಿನ ಹಗ್ಗ ಸುತ್ತಿತ್ತು. ತಮ್ಮನ ಹೆಂಡತಿ ಓಡಿಬಂದು ನನ್ನ ಹೆಂಡತಿಯ ಕೈ ಹಿಡಿದು ನೋಡಿ ಅತ್ತಳು. ಅಳುತ್ತಲೇ, "ಈ ಗಾಡಿ ಬಂದ್ಮೇಲೆ ನಮಗೆ ಎಷ್ಟು ಆಸರೆ ಆಯ್ತಕ್ಕಾ, ಮೂರು ಹೊತ್ತೂ ನಿಮ್ಮನ್ನೇ ನೆನೀತೀವಿ" ಅಂದಳು. ನಾನು ನೆಲ ನೋಡಿದೆ. ಹೇಗೆ ಕೇಳುವುದು? ಒಳಗೆ ಹೋಗಿ ಕೂತೆವು. ಅವಲಕ್ಕಿ ಬಂತು, ಕಾಫಿ ಬಂತು. ತಮ್ಮ ಮಳೆಯ ಮಾತಾಡಿದ, ಈರುಳ್ಳಿಯ ಮಾತಾಡಿದ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ನನ್ನ ಹೆಂಡತಿಯೂ ಕೇಳಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಹೊರಗೆ ಹೋದಳು.

ನಾನು ಹೋಗಿ ನೋಡಿದರೆ ಅವಳು ಚೈನಿನ ಪಕ್ಕ ಕೂತಿದ್ದಳು. ಅದು ಒಣಗಿ, ಜೋತುಬಿದ್ದು, ಗಂಟುಗಂಟಾಗಿತ್ತು.

"ಮೈದುನಪ್ಪಾ, ಇದಕ್ಕೆ ಎಣ್ಣೆ ತೋರ್ಸೇ ಇಲ್ವಾ ನೀನು?" ಅಂತ ಕೂಗಿದಳು.

ತಮ್ಮ ತಲೆ ಕೆರೆದುಕೊಂಡ. "ಅದಕ್ಕೂ ಎಣ್ಣೆ ಹಾಕ್ಬೇಕಾ ಅತ್ತಿಗೆ?"

"ಸೀಮೆಎಣ್ಣೆ, ಇಲ್ಲಾಂದ್ರೆ ಡೀಸೆಲ್ ಇದ್ರೆ ತಾ. ಒಂದು ಹಳೇ ಬ್ರಷ್ಷು. ಪಂಪಿಗೆ ಹಾಕೋ ಎಣ್ಣೆ ಇದ್ರೆ ಅದೂ ತಾ."

ಕ್ಯಾನು ಬಿಚ್ಚಿ ಡಬಲ್ ಸ್ಟ್ಯಾಂಡಿಗೆ ಎತ್ತಿದೆವು. ಅವಳೇ ಕೀಲಿ ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನ್ಯೂಟ್ರಲ್ಲಿನಲ್ಲಿದೆಯೇ ಅಂತ ಎರಡು ಸಲ ನೋಡಿದಳು. ಎಡಗೈಯಲ್ಲಿ ಬ್ರಷ್ಷು ಹಿಡಿದು ಕೂತು, ನನ್ನ ಕಡೆ ನೋಡದೆ ಹೇಳಿದಳು.

"ತಿರುಗ್ಸಿ."

ನಾನು ಚಕ್ರದ ಮುಂದೆ ಕೂತೆ. ಕೈ ಮುಂದೆ ಹೋಗಲಿಲ್ಲ. ತಮ್ಮ, ಅವನ ಹೆಂಡತಿ ಇಬ್ಬರೂ ನಿಂತು ನೋಡುತ್ತಿದ್ದರು.

"ಆಗಲ್ಲ ಕಣೇ" ಅಂದೆ. "ತಮ್ಮ ತಿರುಗಿಸ್ತಾನೆ."

"ನೀವೇ ತಿರುಗ್ಸಿ. ನಾನು ಕೈ ಇಡ್ತಾ ಇಲ್ವಾ? ಭಯ ನನಗೂ ಇದೆ."

ಅದುವರೆಗೂ ಭಯ ಅವಳಿಗೂ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಎಲ್ಲ ಭಯವೂ ನನ್ನದೇ, ಎಲ್ಲ ನೋವೂ ನನ್ನ ತಪ್ಪಿನದೇ ಅಂದುಕೊಂಡು ಓಡಾಡುತ್ತಿದ್ದೆನಲ್ಲ. ಟೈರಿಗೆ ಕೈ ಹಚ್ಚಿದೆ. ಒಂದು ಗೇಣು ತಿರುಗಿಸಿ ನಿಲ್ಲಿಸಿದೆ. ಅವಳು ಉಜ್ಜಿದಳು. "ಹೂಂ" ಅಂದಳು. ಇನ್ನೊಂದು ಗೇಣು. ಕರೀ ನೀರು ಹರಿದು ನೆಲಕ್ಕೆ ಇಳಿಯಿತು. ಅವಳು ಹೂಂ ಅಂದಾಗ ಮಾತ್ರ ತಿರುಗಿಸುವುದು, ಕೈ ತೆಗೆದಳೋ ಇಲ್ಲವೋ ನೋಡಿಯೇ ತಿರುಗಿಸುವುದು. ಹೀಗೆ ಚೈನು ಒಂದು ಸುತ್ತು ಬರುವಷ್ಟರಲ್ಲಿ ಬಿಸಿಲು ಅಂಗಳದ ಈ ಕಡೆಗೆ ಬಂದಿತ್ತು. ಒರೆಸಿದ ಮೇಲೆ ಎಣ್ಣೆಯ ಹನಿ ಬಿಡಲು ಬಲಗೈಗೆ ಬಾಟಲಿ ತೆಗೆದುಕೊಂಡಳು. ಹೆಬ್ಬೆರಳಿಗೂ ಮಧ್ಯದ ಬೆರಳಿಗೂ ನಡುವೆ ಹಿಡಿದಿದ್ದಳು. ಮೊದಲು ನಾಲ್ಕು ಹನಿ ನೆಲಕ್ಕೆ ಬಿದ್ದವು. ಆಮೇಲಿನವು ಕೊಂಡಿಯ ಮೇಲೇ ಬಿದ್ದವು.

ಕೈ ತೊಳೆಯುವಾಗ ತಮ್ಮ ಬಂದು ನನ್ನ ಪಕ್ಕ ನಿಂತ. "ಅಣ್ಣ, ಅತ್ತಿಗೆ ಗಾಡಿ ಓಡಿಸೋ ಹಂಗೆ ಇದಾರೆ. ನೀನು ಇಲ್ಲ ಅಂದಿದ್ದೆ."

"ನಾನು ಸುಳ್ಳು ಹೇಳ್ದೆ ಕಣೋ. ಅವಳನ್ನ ಕೇಳ್ದೇನೇ ಹೇಳ್ಬಿಟ್ಟೆ."

ಅವತ್ತು ನಾವು ಗಾಡಿ ತರಲಿಲ್ಲ. ಅವಳೇ ಬೇಡವೆಂದಳು. ಹೊರಟು ನಿಂತಾಗ ತಮ್ಮನ ಹೆಂಡತಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು, ಅದನ್ನು ನೋಡಿಕೊಂಡೇ ಬೇಡವೆಂದಳು. ಮಳೆಗಾಲ ಮುಗಿದ ಮೇಲೆ ತಮ್ಮ ಹಾಲಿಗೆ ಅಂತ ಹಳೇ ಮೊಪೆಡ್ಡು ಮಾಡಿಕೊಂಡು, ಒಂದು ಬೆಳಗ್ಗೆ ಫೋನು ಕೂಡ ಮಾಡದೆ ಗಾಡಿಯನ್ನು ಕಡೂರಿಗೆ ತಂದು ಅಂಗಳದಲ್ಲಿ ನಿಲ್ಲಿಸಿ ಹೋದ. ಅಷ್ಟು ದಿನ ಅವಳು ಬಸ್ಸಿನಲ್ಲಿ, ಅದೂ ಇಲ್ಲದ ಕಡೆ ನಡೆದು, ತರಗತಿಗಳಿಗೆ ಹೋಗಿಬರುತ್ತಿದ್ದಳು. ಸಂಜೆ ಬಂದು ಕಾಲು ಚಾಚಿ ಕೂತಾಗ ಅವಳ ಹಿಮ್ಮಡಿಯ ಧೂಳು ನೋಡುತ್ತಿದ್ದೆ. ನೀರು ತಂದುಕೊಡುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ. ಅಷ್ಟನ್ನು ಕಲಿತಿದ್ದೆ.

ಅವಳು ಈಗಲೂ ಬ್ಲೌಸು ಹೊಲಿಯುತ್ತಾಳೆ, ಮೊದಲಿನಷ್ಟು ಅಲ್ಲ. ಹೆಮ್ಮಿಂಗು, ಹುಕ್ಕು ಬೇರೆಯವರಿಗೆ ಕೊಡುತ್ತಾಳೆ. ಕಟಿಂಗು ಹೇಳಿಕೊಡಲು ಹಳ್ಳಿಗಳಿಗೆ ಹೋಗುತ್ತಾಳೆ. ಚಳಿ ಬಿದ್ದರೆ ಆ ಬೆರಳು ಸೆಳೆಯುತ್ತದೆ, ಇಲ್ಲದ ಉಗುರು ಕಡಿಯುತ್ತದೆ ಅನ್ನುತ್ತಾಳೆ. ಅತ್ತೆ ನಾನು ಹೋದರೆ ಮೊದಲಿನ ಹಾಗೇ ಬಡಿಸುತ್ತಾರೆ, ಮಾತು ಕಡಿಮೆ. ಅದು ಸರಿಹೋಗುತ್ತದೆ ಅಂತ ನಾನು ಕಾಯುತ್ತಿಲ್ಲ.

ಈಚೆಗೆ ಒಂದು ದಿನ ಅಜ್ಜಂಪುರದ ಆಚೆಯ ಹಳ್ಳಿಯಲ್ಲಿ ನನಗೆ ಅಳತೆಯ ಕೆಲಸವಿತ್ತು, ಅಲ್ಲೇ ಅವಳ ತರಗತಿಯೂ ಇತ್ತು. ಅವಳೇ ಗಾಡಿ ಓಡಿಸಿದಳು. ನನ್ನ ಕೆಲಸ ಬೇಗ ಮುಗಿದು ನಾನು ಶಾಲೆಯ ಜಗಲಿಯಲ್ಲಿ ಕಾಯುತ್ತಿದ್ದೆ. ಒಳಗೆ ಹೆಂಗಸರು ಪೇಪರಿನ ಮೇಲೆ ಗೆರೆ ಎಳೆಯುತ್ತಿದ್ದರು. ಯಾರೋ ವಯಸ್ಸಾದವರು ಕೇಳಿದರು.

"ಅಲ್ಲ ತಾಯಿ, ಬೆರಳು ಏನಾಯ್ತು ನಿನಗೆ?"

ಸರಿಯಾಗಿ ನೋಡದೆ ಕೈ ಇಟ್ಟೆ ಅಂತ ಅವಳು ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಆ ಮಾತು ಬರುವ ಮೊದಲೇ ನನ್ನ ತಲೆ ತಗ್ಗಿತ್ತು.

"ಗಾಡಿ ಚೈನು ಒರೆಸ್ತಿದ್ವಿ ಅಜ್ಜಿ. ಎಂಜಿನ್ ಆನ್ ಮಾಡ್ಬೇಡಿ ಅಂದೆ, ಇವ್ರು ಕೇಳ್ಲಿಲ್ಲ. ಬೇಡ ಅಂದವಳು ನಾನಾದ್ರೂ ಎದ್ದು ಹೋಗ್ಬೇಕಿತ್ತು, ಹೋಗ್ಲಿಲ್ಲ. ಇವ್ರು ಎಕ್ಸಲೇಟರ್ ಕೊಟ್ರು, ನನ್ನ ಬೆರಳು ಹೋಯ್ತು."

ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದರು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಇವನೇನಾ?" ಅಂದರು. "ಇವ್ರೇ" ಅಂದಳು ಅವಳು, ಕತ್ತರಿ ಕೈಗೆತ್ತಿಕೊಳ್ಳುತ್ತ. ಓಡಿಹೋಗಬೇಕು ಅನ್ನಿಸಿತು. ಆದರೆ ಅಲ್ಲೇ ಕೂತಿದ್ದೆ. ನನ್ನನ್ನು ಕಾಪಾಡುವ ಕೆಲಸವನ್ನೂ ಅವಳ ತಲೆಯ ಮೇಲೆ ಹೊರಿಸಿದ್ದೆ ಅಂತ, ಅವಳು ಅದನ್ನು ಕೆಳಗಿಳಿಸಿದಾಗಲೇ ನನಗೆ ಗೊತ್ತಾಗಿದ್ದು. ಅಜ್ಜಿ ನನ್ನ ಕಡೆ ಇನ್ನೊಂದು ಸಲ ನೋಡಿ, "ಒಳಗೆ ಬಾರಪ್ಪ, ಬಿಸಿಲಲ್ಲಿ ಯಾಕೆ ಕೂತಿದೀಯ" ಅಂದರು. ಹೋಗಿ ಗೋಡೆಯ ಪಕ್ಕ ಕೂತೆ. ಅವಳು ತೋಳಿನ ಅಳತೆ ಹೇಗೆ ತೆಗೆಯಬೇಕು ಅಂತ ಹೇಳತೊಡಗಿದಳು.